ನೂರರ ಬಂಡೆಯ ಕೆಳಗಿನ ಗದ್ದೆ

ಸಿವಿಲ್ ಇಂಜಿನಿಯರಿಂಗ್ ಓದುವವರಿಗೆ ಸರ್ವೆ ಕ್ಯಾಂಪ್ ಎಂಬುದೊಂದಿರುತ್ತದೆ. ಮೂರನೆಯ ವರ್ಷ ಮುಗಿದ ಮೇಲೆ ಹದಿನೈದು ದಿನ ಯಾವುದಾದರೂ ಹಳ್ಳಿಯಲ್ಲಿ ಉಳಿದು, ಅಲ್ಲಿನ ಹಳ್ಳಕ್ಕೆ ಅಡ್ಡವಾಗಿ ಹೊಸ ಕೆರೆ ಕಟ್ಟುವುದಾದರೆ ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ ಎಂದು ಅಳೆದು ನಕ್ಷೆ ಬರೆಯಬೇಕು. ನಕ್ಷೆಗೆ ನೂರು ಅಂಕ. ಆ ಕೆರೆಯನ್ನು ಯಾರೂ ಕಟ್ಟುವುದಿಲ್ಲ. ಮುಂದಿನ ವರ್ಷದ ಹುಡುಗರು ಬಂದು ಅದೇ ಹಳ್ಳವನ್ನು ಮತ್ತೆ ಅಳೆಯುತ್ತಾರೆ. ಇದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮಾಗಡಿ ತಾಲ್ಲೂಕಿನ ಕರೇಬಂಡೆಪಾಳ್ಯದ ಅಂಕಯ್ಯನಿಗೆ ಮಾತ್ರ ಗೊತ್ತಿರಲಿಲ್ಲ. ಅವನಿಗೆ ಹೇಳಬೇಕಾದವನು ನಾನಾಗಿದ್ದೆ.

ನಾನು ಅಲ್ಲಿಗೆ ಹೋದದ್ದು ೧೯೯೭ರ ದಸರಾ ರಜೆಯಲ್ಲಿ. ನಮ್ಮೂರು ಸೋಲೂರಿನ ಹತ್ತಿರ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೇ ಮೊದಲು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಪಾಠವೇ ಅರ್ಥವಾಗದೆ ಎರಡು ವಿಷಯಗಳಲ್ಲಿ ಫೇಲಾಗಿದ್ದೆ. ಅಪ್ಪ ಮುನಿಶಾಮಯ್ಯನಿಗೆ ಅದನ್ನು ಹೇಳಿರಲಿಲ್ಲ. ಆ ಎರಡು ವಿಷಯಗಳನ್ನು ಕಟ್ಟಿ ಪಾಸು ಮಾಡಿಕೊಂಡ ಮೇಲೆ ಒಂದೇ ಹಟ ಉಳಿದಿತ್ತು, ಫಸ್ಟ್ ಕ್ಲಾಸ್. ಲೆಕ್ಕ ಹಾಕಿ ನೋಡಿದರೆ ಸರ್ವೆ ಕ್ಯಾಂಪಿನ ಅಂಕ ಚೆನ್ನಾಗಿ ಬಂದರೆ ಮಾತ್ರ ಅದು ಸಾಧ್ಯವಿತ್ತು.

ಊರಿನ ಪ್ರಾಥಮಿಕ ಶಾಲೆಯಲ್ಲಿ ನಮ್ಮ ಬಿಡಾರ. ಮೊದಲ ದಿನ ಬೆಳಗ್ಗೆ ನಾವು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ನಲವತ್ತು ದಾಟಿದ ಒಬ್ಬ ಮನುಷ್ಯ ಬಂದು, ಯಾರನ್ನೂ ಕೇಳದೆ ಅಂಕಿ ಬರೆದ ಉದ್ದನೆಯ ಅಳತೆ ಕೋಲನ್ನು ಎತ್ತಿಕೊಂಡು ಹೆಗಲಿಗಿಟ್ಟುಕೊಂಡ.

"ಬಲಗಡೆ ಹೊಲದಾಗೆ ಕಾಲಿಡಬೇಡಿ, ರಾಗಿ ತೆನೆ ಕಟ್ಟೈತೆ. ನನ್ ಹಿಂದೇನೆ ಬದದ ಮ್ಯಾಲೆ ಬನ್ನಿ" ಎಂದ.

ಅವನೇ ಅಂಕಯ್ಯ. ಓದಿದ್ದು ನಾಲ್ಕನೇ ಕ್ಲಾಸು. ಮೊದಲ ತಂಡದ ಹುಡುಗರು ೧೯೮೫ರಲ್ಲಿ ಬಂದಾಗ ಕುತೂಹಲಕ್ಕೆ ಕೋಲು ಹಿಡಿದವನು, ಆಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಕೋಲನ್ನು ನೆಟ್ಟಗೆ ನಿಲ್ಲಿಸುವುದು ಕಾಣುವಷ್ಟು ಸುಲಭವಲ್ಲ. ಒಂದು ಬೆರಳು ವಾಲಿದರೂ ಅಳತೆ ತಪ್ಪುತ್ತದೆ. ಅವನು ಹಿಡಿದರೆ ಗಾಳಿಯಲ್ಲೂ ಅಲುಗುತ್ತಿರಲಿಲ್ಲ.

ಆಗ ನಮ್ಮಲ್ಲಿದ್ದದ್ದು ಹಳೆಯ ಕಾಲದ ಲೆವೆಲ್ ಯಂತ್ರ. ಅದರ ದುರ್ಬೀನಿನಲ್ಲಿ ನೋಡಿದರೆ ಎದುರಿಗಿರುವುದೆಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಊರಿನ ಹೆಂಗಸರಿಗೆ ಇದು ಹೇಗೋ ತಿಳಿದು, ಯಂತ್ರ ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಬುತ್ತಿ ತಂದ ಅಂಕಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ ದೂರದಲ್ಲೇ ನಿಂತು ಕೂಗಿದಳು:

"ಅದನ್ನ ಒಸಿ ಆ ಕಡೆ ತಿರುಗ್ಸಪ್ಪ. ಜನುನ್ನ ತಲೆಕೆಳಗ್ ಮಾಡ್ತದಂತೆ. ನನ್ ಸೀರೆ ಗತಿ ಏನಾಗ್ಬೇಕು?"

"ನೀನ್ ತಲೆಕೆಳಗಾದ್ರೂ ನಾಲ್ಗೆ ಮಾತ್ರ ನೆಟ್ಟಗಿರ್ತದೆ, ಬಾರಮ್ಮಿ" ಎಂದ ಅಂಕಯ್ಯ, ಕೋಲು ಅಲುಗಿಸದೆ. ನಮ್ಮ ತಂಡದಲ್ಲಿ ಯಂತ್ರ ನೋಡುತ್ತಿದ್ದ ರಾಮನಗರದ ದಿಲ್ಶಾದ್ ನಗು ತಡೆಯಲಾರದೆ ಓದಿದ ಅಂಕಿಯನ್ನು ಮರೆತು ಮತ್ತೆ ಓದಿದಳು.

ಹಳ್ಳ ಕಿರಿದಾಗುವ ಕಡೆ, ಏರಿ ಬರಬೇಕಾದ ಜಾಗದ ಪಕ್ಕದಲ್ಲಿ ಒಂದು ಕರಿಯ ಬಂಡೆ ಇದೆ. ಅದರ ಮೇಲೆ ಬಿಳಿಯ ಬಣ್ಣದಲ್ಲಿ ೧೦೦ ಎಂದು ಬರೆದಿತ್ತು. ಎಲ್ಲ ಅಳತೆಗಳೂ ಅಲ್ಲಿಂದ ಶುರುವಾಗಬೇಕು. ಸಮುದ್ರಮಟ್ಟದಿಂದ ಆ ಬಂಡೆ ನಿಜವಾಗಿ ಎಷ್ಟು ಎತ್ತರದಲ್ಲಿದೆಯೋ ಯಾರೂ ನೋಡಿರಲಿಲ್ಲ. ಲೆಕ್ಕಕ್ಕೆ ಅನುಕೂಲವಾಗಲೆಂದು ನೂರು ಮೀಟರ್ ಎಂದು ಅಂದುಕೊಂಡದ್ದು. ಪ್ರತಿ ವರ್ಷ ಮಳೆ ನಿಂತ ಮೇಲೆ ಅಂಕಯ್ಯ ತಾನೇ ಸುಣ್ಣ ಕಲಸಿ ಆ ಅಂಕಿಯನ್ನು ತಿದ್ದುತ್ತಿದ್ದ. "ನೂರು ಅಳ್ಸೋದ್ರೆ ಕೆರೆ ಎಲ್ಲಿ ಅಂತ ಹುಡುಕ್ತೀರಿ ನೀವು?" ಎನ್ನುತ್ತಿದ್ದ.

ಒಂಬತ್ತನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅವನು ನನ್ನೊಬ್ಬನನ್ನೇ ಆ ಬಂಡೆಯ ನೆರಳಿಗೆ ಕರೆದ. ಒಳಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದ. ನೀಲಿ ಬಣ್ಣದ ನಕ್ಷೆ. ಯಾವುದೋ ವರ್ಷದ ಹುಡುಗನೊಬ್ಬ ಹೋಗುವಾಗ ನೆನಪಿಗೆಂದು ಕೊಟ್ಟಿದ್ದಂತೆ. ಮಡಿಕೆಗಳು ಹರಿದು, ಹಿಂದೆ ಬಟ್ಟೆ ಅಂಟಿಸಿದ್ದ.

"ಲೋ ಗಂಗ, ನೀನು ನಮ್ ಕಡೇನು. ಅದ್ಕೇ ಕೇಳ್ತಿವ್ನಿ. ಈ ಕೆರೆ ಆಯ್ತದಾ?"

ನನ್ನ ಹೆಸರು ಗಂಗಹನುಮಯ್ಯ. ಕಾಲೇಜಿನಲ್ಲಿ ಯಾರೂ ನನ್ನನ್ನು ಹಾಗೆ ಕರೆಯುತ್ತಿರಲಿಲ್ಲ.

"ಯಾಕಣ್ಣ?" ಎಂದೆ.

"ಭಾನ್ವಾರ ಪಾಲು ಕಣ್ಲಾ. ನಂದೂ ನಮ್ ಸಿದ್ದಂದೂ."

ಸಿದ್ದಯ್ಯ ಅವನ ತಮ್ಮ. ಅಣ್ಣತಮ್ಮಂದಿರಿಗೆ ಸೇರಿ ಎರಡು ಜಮೀನು. ಒಂದು ಹಳ್ಳದ ಹೊಲ, ಬಂಡೆಯಿಂದ ಮೇಲಕ್ಕೆ, ಕಪ್ಪು ಮೆಕ್ಕಲು ಮಣ್ಣು. ಏನು ಹಾಕಿದರೂ ಏಳುವ ನೆಲ. ಇನ್ನೊಂದು ಮರಡಿ ಹೊಲ, ಬಂಡೆಯಿಂದ ಕೆಳಕ್ಕೆ ಇಳಿಜಾರಿನಲ್ಲಿ. ಬರೀ ಗರಸು. ಹುರುಳಿ ಬಿಟ್ಟರೆ ಏನೂ ಬಾರದು. ಆ ಊರಿನಲ್ಲಿ ಪಾಲಿನ ಕ್ರಮವೆಂದರೆ ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಬೇಕು. ತನಗೆ ಯಾವುದು ಉಳಿಯುವುದೋ ತಿಳಿಯದ ಕಾರಣ ಹಿರಿಯ ಪ್ರತಿ ಹೊಲವನ್ನೂ ಸರಿಸಮನಾಗಿ ಸೀಳುತ್ತಾನೆ. ಮೋಸಕ್ಕೆ ಎಡೆಯಿಲ್ಲ.

ಅಂಕಯ್ಯ ನಕ್ಷೆಯ ಮೇಲೆ ಬೆರಳಾಡಿಸಿದ. "ಇಲ್ಲಿ ಏರಿ. ಅಂದ್ರೆ ಹಳ್ಳದ ಹೊಲ ಪೂರಾ ನೀರೊಳಕ್ಕೆ. ಇಲ್ಲಿ ತೂಬು. ಅಂದ್ರೆ ಮರಡಿ ಅಷ್ಟೂ ಅಚ್ಚುಕಟ್ಟು, ಭತ್ತದ ಗದ್ದೆ. ಸರೀನಾ?"

ಸರಿಯಾಗಿತ್ತು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಆ ನಕ್ಷೆಯನ್ನು ಅಷ್ಟು ಚೆನ್ನಾಗಿ ಓದಲಾರರು.

"ಊರ್ನೋರು ಇದು ರೋಡಿನ ಅಳ್ತೆ ಅಂದ್ಕಂಡವ್ರೆ. ಸಿದ್ದಂಗೂ ಗೊತ್ತಿಲ್ಲ. ನಾನು ಹನ್ನೆರಡು ವರ್ಷದಿಂದ ಬಾಯ್ ಬುಟ್ಟಿಲ್ಲ."

"ಆಗೋದು ನಿಜ ಅಂತ ನಿಂಗೆ ಹೆಂಗೆ ಗೊತ್ತಣ್ಣ?"

ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ಹನ್ನೆರಡು ವರ್ಷ ಯಾರಾದ್ರೂ ಸುಮ್ಸುಮ್ನೆ ಅಳೀತಾರೇನ್ಲಾ? ಸರ್ಕಾರದ್ದು ನಿಧಾನ, ಅಷ್ಟೆ."

ಮೇಷ್ಟ್ರನ್ನು ಕೇಳಿ ಹೇಳುತ್ತೇನೆ ಎಂದೆ. ಸಂಜೆ ಕೇಳಿದೆ. ನಮ್ಮ ಸರ್ವೆ ಮೇಷ್ಟ್ರು ಕೆಟ್ಟವರಲ್ಲ. ಹುಡುಗರ ಅಳತೆ ಪುಸ್ತಕ ತಿದ್ದುತ್ತಲೇ ಉತ್ತರ ಕೊಟ್ಟರು.

"ಇದು ಸುಳ್ಳು ಕೆರೆ ಅಂತ ನೀನು ಹೇಳಿದರೆ ನಾಳೆ ಇವರ ರಾಗಿ ಹೊಲದೊಳಗೆ ನಮ್ಮನ್ನು ಬಿಡ್ತಾರೇನಯ್ಯ? ಅರ್ಧ ಕೆಲಸ ಬಾಕಿ ಇದೆ. ಇಷ್ಟು ಒಳ್ಳೆ ಹಳ್ಳ ಇನ್ನೊಂದು ಎಲ್ಲಿದೆ? ವರದಿ ಕೊಡ್ತೀವಿ, ಮಿಕ್ಕಿದ್ದು ಮೇಲಿನವರದು ಅಂದುಬಿಡು. ಅದು ಸುಳ್ಳೇನೂ ಅಲ್ಲ." ತಲೆಯೆತ್ತಿ ಸೇರಿಸಿದರು: "ನಿನ್ನ ಲೆವೆಲಿಂಗ್ ಚೆನ್ನಾಗಿ ಬಂದಿದೆ. ಹಾಳು ಮಾಡಿಕೊಳ್ಳಬೇಡ."

ದಿಲ್ಶಾದ್‌ಗೆ ಹೇಳಿದೆ. "ನಿನ್ನ ಮಾತು ಅವರಿಗೆ ಅರ್ಥವಾಗುತ್ತೆ. ನಾನು ಹೇಳಿದರೆ ನಂಬೋಲ್ಲ. ಹೇಳಿಬಿಡು, ಏನಾದರೆ ಇಬ್ಬರೂ ಅನುಭವಿಸೋಣ" ಎಂದಳು. ಅವಳ ಅಂಕಗಳು ಚೆನ್ನಾಗಿದ್ದವು. ಅವಳಿಗೆ ಹಾಗೆ ಹೇಳುವುದು ಸುಲಭ ಎಂದು ನನಗೆ ಸಿಟ್ಟು ಬಂತು.

ಮರುದಿನ ಅಂಕಯ್ಯ ಕೋಲು ಹಿಡಿದುಕೊಂಡೇ ಕಣ್ಣಿನಲ್ಲಿ ಕೇಳಿದ. "ವರದಿ ಕೊಡ್ತೀವಿ ಅಣ್ಣ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವನ ಮುಖ ನೋಡಿ ಇನ್ನೊಂದು ಮಾತು ಸೇರಿಸಿದೆ: "ಆಯ್ತದಂತೆ."

ಆ ಮಾತನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ.

ಭಾನುವಾರ ನಮಗೆ ರಜೆ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತ್ತು. ಹಿರಿಯರೆಲ್ಲ ಕುಳಿತಿದ್ದರು. ನಾನು ಹಿಂದೆ ನಿಂತಿದ್ದೆ.

"ಅಂಕ, ಪಾಲು ಹೇಳಪ್ಪ" ಎಂದರು ಪಂಚಾಯ್ತಿದಾರ ಚೆಲುವಯ್ಯ.

"ಹೊಲ ತುಂಡು ಮಾಡೋದು ಬ್ಯಾಡ. ಹಳ್ಳದ ಹೊಲ ಒಂದು ಪಾಲು, ಮರಡಿ ಒಂದು ಪಾಲು."

ಚೆಲುವಯ್ಯ ಎಲೆಅಡಿಕೆ ಉಗಿದು ಬಂದು ಕೇಳಿದರು: "ಲೇ, ಜ್ಞಾನ ಐತೇನ್ಲಾ? ಅವನು ಹಳ್ಳದ್ದು ಅಂದ್ರೆ ನಿಂಗೆ ಉಳಿಯೋದು ಕಲ್ಲು."

"ನನ್ ತಮ್ಮ ತಾನೆ ತಿನ್ನೋನು? ಎತ್ಕಳ್ಲಿ."

ಸಿದ್ದಯ್ಯ ಇದನ್ನು ನಿರೀಕ್ಷಿಸಿರಲಿಲ್ಲ. ಹಳ್ಳದ ಹೊಲ ಎಂದು ತೊದಲಿ, ಎದ್ದು ಬಂದು ಎಲ್ಲರೆದುರಿಗೆ ಅಣ್ಣನ ಕಾಲು ಹಿಡಿದ. "ಅಣ್ಣ ಅಂದ್ರೆ ಇವನಪ್ಪ" ಎಂದಿತು ಕಟ್ಟೆ. ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಮನೆಯ ಕಡೆ ನಡೆದುಬಿಟ್ಟಳು. ಅಂಕಯ್ಯ ತಮ್ಮನ ತಲೆಯ ಮೇಲಿಂದ ನನ್ನ ಕಡೆ ನೋಡಿ ಸಣ್ಣಗೆ ಹುಬ್ಬು ಹಾರಿಸಿದ.

ಕರಾರು ಬರೆಯಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಅಷ್ಟು ಸಮಯ ಸಾಲದೆ ಹೋಯಿತು ಎಂದು ಹೇಳುವಂತಿಲ್ಲ.

ಕ್ಯಾಂಪಿನಲ್ಲಿ ನನಗೆ ತೊಂಬತ್ತಾರು ಅಂಕ ಬಂತು. ಫಸ್ಟ್ ಕ್ಲಾಸೂ ಬಂತು. ದಿಲ್ಶಾದ್ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಕಟ್ಟಡಗಳ ಕೆಲಸಕ್ಕೆ ಸೇರಿದಳು. ನಾನು ಮುಂದೆ ಓದಿ ಇನ್ನೊಂದು ಕಾಲೇಜಿನಲ್ಲಿ ಮೇಷ್ಟ್ರಾದೆ. ನಮ್ಮೂರಿಂದ ಕರೇಬಂಡೆಪಾಳ್ಯಕ್ಕೆ ಮಾಗಡಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಹನ್ನೆರಡು ವರ್ಷ ನಾನು ಆ ಕಡೆ ಹೋಗಲಿಲ್ಲ.

೨೦೦೯ರಲ್ಲಿ ಹೋಗಬೇಕಾಯಿತು. ನಮ್ಮ ಕಾಲೇಜಿನ ಕ್ಯಾಂಪಿಗೆ ಜಾಗ ಹುಡುಕುವಾಗ ವಿಭಾಗದ ಮುಖ್ಯಸ್ಥರು, ಕರೇಬಂಡೆಪಾಳ್ಯದ ಹಳ್ಳವೇ ಒಳ್ಳೆಯದು, ನಿನ್ನ ಹಳೆಯ ಕಾಲೇಜಿನ ನಕ್ಷೆಗಳು ಸಿಗುತ್ತವೆ, ಹುಡುಗರ ಲೆಕ್ಕವನ್ನು ಅವುಗಳೊಂದಿಗೆ ತಾಳೆ ನೋಡಬಹುದು ಎಂದರು. ಬೇರೆ ಊರುಗಳ ಹೆಸರು ಹೇಳಿ ನೋಡಿದೆ, ನಡೆಯಲಿಲ್ಲ.

ಮೊದಲ ದಿನ ಬೆಳಗ್ಗೆ ಶಾಲೆಯ ಮುಂದೆ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಅಂಕಯ್ಯ ಬಂದ. ಕೂದಲು ಪೂರ್ತಿ ನೆರೆತಿತ್ತು. ನನ್ನ ಗುರುತು ಹಿಡಿದು, "ಓಹೋ, ನಮ್ ಗಂಗ! ಮೇಷ್ಟ್ರಾಗ್ಬುಟ್ರಾ!" ಎಂದು ಎರಡೂ ಕೈ ಹಿಡಿದುಕೊಂಡ. ಆಮೇಲೆ ಕೋಲು ಎತ್ತಿಕೊಂಡ.

ಹಳ್ಳದ ಹೊಲ ಈಗ ತೆಂಗಿನ ತೋಟವಾಗಿತ್ತು. ಸಿದ್ದಯ್ಯ ಹುಡುಗರಿಗೆಲ್ಲ ಎಳನೀರು ಕೆತ್ತಿಸಿ ಕೊಟ್ಟ. "ನಮ್ಮಣ್ಣ ಕೊಟ್ಟ ಭಿಕ್ಷೆ ಸಾ ಇದು. ಈ ಕಾಲ್ದಾಗೆ ಯಾರ್ ಕೊಡ್ತಾರೆ?" ಎಂದ. ಅಂಕಯ್ಯ ಎಳನೀರು ಮುಟ್ಟಲಿಲ್ಲ. ತೋಟ ದಾಟಿ ಬರುವಾಗ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದ:

"ಫಲ ಬುಟ್ಟವೆ, ನೋಡಿದ್ರಾ? ಮುಳುಗೋ ಮರ. ನೆನಸ್ಕಂಡ್ರೆ ರಾತ್ರಿ ಅನ್ನ ಇಳಿಯಲ್ಲ ಮೇಷ್ಟ್ರೇ. ಅವನು ಕಾಲ್ ಹಿಡ್ದ ದಿನ ನಂಗೆ ಒಳಗೊಳಗೇ ನಗು ಬಂದಿತ್ತು. ಈಗ ಅದೇ ಪಾಪ ಅನ್ನಿಸ್ತದೆ. ಕೆರೆ ಆದ್ ಮ್ಯಾಲೆ ನನ್ ಗದ್ದೇಲಿ ಅರ್ಧ ಅವನಿಗೇ ಬುಟ್ಕೊಡ್ತೀನಿ ಅಂತ ಇವ್ಳಿಗೂ ಹೇಳಿವ್ನಿ."

"ಗದ್ದೆ ಎಲ್ಲಣ್ಣ?" ಎಂದೆ.

ಬಂಡೆಯ ಆಚೆಗೆ ಕರೆದುಕೊಂಡು ಹೋದ.

ಮರಡಿಯ ಇಳಿಜಾರು ಇರಲಿಲ್ಲ. ಅದರ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತಕ್ಕೆಂದು ಕಟ್ಟಿದ ಮಡಿಗಳಿದ್ದವು. ಪ್ರತಿಯೊಂದಕ್ಕೂ ಕಲ್ಲಿನ ಬದ, ಒಂದರಿಂದ ಇನ್ನೊಂದಕ್ಕೆ ನೀರು ಇಳಿಯಲು ಬಾಯಿ. ಮೇಲಿನ ಅಂಚಿನಲ್ಲಿ ಮೊಣಕಾಲಾಳದ ಕಾಲುವೆ. ಅದು ಬಂಡೆಯ ಬುಡದಿಂದ ಏಳು ಮೀಟರ್ ಕೆಳಗೆ, ನಕ್ಷೆಯಲ್ಲಿ ತೂಬು ಇರುವ ಜಾಗದಲ್ಲಿ ಶುರುವಾಗುತ್ತಿತ್ತು. ಅಲ್ಲಿ ತೂಬು ಇರಲಿಲ್ಲ, ಲಂಟಾನ ಪೊದೆ ಇತ್ತು. ಮಡಿಗಳಲ್ಲಿ ಹುರುಳಿ, ಅದೂ ಅಲ್ಲಲ್ಲಿ ಹಳದಿ ತಿರುಗಿದ್ದು. ಬದ ಕಟ್ಟಿದ್ದರಿಂದ ಮಳೆನೀರು ನಿಂತು ಬೇರು ಕೊಳೆಯುತ್ತಿತ್ತು. ಹಿಂದೆ ಇಳಿಜಾರಿನಲ್ಲಿ ಹುರುಳಿಯಾದರೂ ಸರಿಯಾಗಿ ಬರುತ್ತಿತ್ತು.

"ಹನ್ನೊಂದು ವರ್ಷ ಹಿಡೀತು. ನಾನೂ ಇವ್ಳೂ ಇಬ್ರೇ. ಊರ್ನೋರು ಅಂಕನ ಒಣಗದ್ದೆ ಅಂತ ಆಡ್ಕತಾರೆ. ಆಡ್ಕಳ್ಲಿ. ಮಟ್ಟ ಹೆಂಗೈತೆ ನೋಡಿ" ಎಂದ. ಪಾರದರ್ಶಕ ರಬ್ಬರ್ ಪೈಪಿನಲ್ಲಿ ನೀರು ತುಂಬಿ, ಎರಡು ತುದಿಯ ನೀರಿನ ಮಟ್ಟ ನೋಡಿ ಕಟ್ಟಿದ್ದನಂತೆ.

ಹುಡುಗರು ತಮಾಷೆಗೆ ಹೊಸ ಯಂತ್ರ ಇಟ್ಟು ಅಳೆದರು. ಒಂದು ಮಡಿಯ ನಾಲ್ಕು ಮೂಲೆಗೂ ಇದ್ದ ವ್ಯತ್ಯಾಸ ಒಂದು ಬೆರಳಿನಷ್ಟೂ ಇರಲಿಲ್ಲ. ಈಗಿನ ಯಂತ್ರದಲ್ಲಿ ಯಾರೂ ತಲೆಕೆಳಗಾಗಿ ಕಾಣುವುದಿಲ್ಲ. ನಾನೂ ಒಮ್ಮೆ ನೋಡಿದೆ. ಅಂಕಯ್ಯ ತನ್ನ ಒಣಗದ್ದೆಯ ನಡುವೆ ಕೋಲು ಹಿಡಿದು ನೆಟ್ಟಗೆ ನಿಂತಿದ್ದ.

ಹುಡುಗರನ್ನು ಊಟಕ್ಕೆ ಕಳಿಸಿ ಅವನನ್ನು ಬಂಡೆಯ ನೆರಳಿಗೆ ಕರೆದೆ.

"ಅಣ್ಣ, ಈ ಕೆರೆ ಆಗಲ್ಲ."

"ಈ ವರ್ಷ ಆಗಲ್ವಾ?"

"ಯಾವ ವರ್ಷವೂ ಆಗಲ್ಲ. ಇದು ಪರೀಕ್ಷೆ. ಹುಡುಗರು ಕಲಿಯೋಕೆ ಅಳೀತಾರೆ. ನಕ್ಷೆ ಕಾಲೇಜಿನಲ್ಲೇ ಇರುತ್ತೆ. ಸರ್ಕಾರಕ್ಕೆ ಹೋಗೋದೇ ಇಲ್ಲ. ಎಂದೂ ಹೋಗಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. "ನೂರು?" ಎಂದ, ಬಂಡೆಯ ಮೇಲಿನ ಅಂಕಿ ತೋರಿಸಿ.

"ಅದೂ ಅಂದ್ಕೊಂಡಿದ್ದು ಅಣ್ಣ. ನಿಜವಾದ ಎತ್ತರ ಅಲ್ಲ."

ಕೋಲನ್ನು ಬಂಡೆಗೆ ಒರಗಿಸಿದ. ಆಮೇಲೆ ಕೇಳಿದಾಗ ಬಹುವಚನ ಹೋಗಿತ್ತು.

"ನಿಂಗೆ ಆವತ್ತೇ ಗೊತ್ತಿತ್ತೇನ್ಲಾ?"

"ಗೊತ್ತಿತ್ತು."

"ಮತ್ಯಾಕ್ಲಾ ಬೊಗಳಲಿಲ್ಲ?"

"ಮಾರ್ಕ್ಸ್ ಹೋಗ್ತವೆ ಅಂತ ಹೆದರ್ದೆ ಅಣ್ಣ."

"ಎಷ್ಟಕ್ಕೆ?"

"ನೂರಕ್ಕೆ."

"ಎಷ್ಟ್ ಬಂತು?"

"ತೊಂಬತ್ತಾರು."

"ಪರ್ವಾಗಿಲ್ಲ, ಚೆನ್ನಾಗೇ ಬಂದೈತೆ" ಎಂದ. ಅವನು ಹೊಡೆದಿದ್ದರೆ ನಾನು ಹೊಡೆಸಿಕೊಳ್ಳುತ್ತಿದ್ದೆ.

ಊರಿಗೆಲ್ಲ ಹೇಳುತ್ತೇನೆ, ಸಿದ್ದಯ್ಯನಿಗೂ ಹೇಳುತ್ತೇನೆ, ತಪ್ಪು ನನ್ನದೆಂದು ಚೆಲುವಯ್ಯನವರ ಮುಂದೆ ಒಪ್ಪಿಕೊಳ್ಳುತ್ತೇನೆ, ತೋಟದಲ್ಲಿ ಒಂದಿಷ್ಟು ಬಿಡಿಸಿಕೊಡಬಹುದು ಎಂದೆ. ಅವನು ಕೈಯೆತ್ತಿ ತಡೆದ.

"ಏನಂತ ಹೇಳೀಯ? ಅಂಕ ತಮ್ಮನ್ನ ಮುಳುಗ್ಸಕೆ ಓಗಿ ತಾನೇ ಮುಳುಗ್ದ ಅಂತಾನಾ? ಹೊಲ ಅವ್ನಿಗೆ ಓಯ್ತು. ಅಣ್ಣ ಅಂದ್ರೆ ಅಂಕಯ್ಯ ಅಂತ ಊರು ಅಂತದಲ್ಲ, ಅದೊಂದು ಉಳ್ಕಂಡೈತೆ. ಅದ್ನೂ ನೀನೇ ಕಿತ್ಕೊಬ್ಯಾಡ."

ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಬುತ್ತಿ ಹೊತ್ತು ಕಾಲುವೆಯ ಅಂಚಿನಲ್ಲೇ ಬಂದಳು. ಸೊಂಟ ಬಾಗಿತ್ತು. ಹನ್ನೊಂದು ವರ್ಷ ಕಲ್ಲು ಹೊತ್ತ ಸೊಂಟ. ಯಂತ್ರದ ಎದುರಿಗೇ ನಡೆದು ಬಂದಳು. ಈಗ ಅವಳಿಗೆ ಅದರ ಪರಿವೆ ಇರಲಿಲ್ಲ. ಬುತ್ತಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಕೇಳಿದಳು:

"ಈ ದಪನಾದ್ರೂ ಕೆರೆ ಆಯ್ತದಾ ಮೇಷ್ಟ್ರೇ? ನನ್ ಕೈಲಿ ಇನ್ನ ಆಗಾಕಿಲ್ಲ."

ನಾನು ಬಾಯಿ ತೆರೆಯುವ ಮುಂಚೆ ಅಂಕಯ್ಯ ಉತ್ತರ ಕೊಟ್ಟ.

"ಆಯ್ತದಂತೆ ಕಣಮ್ಮಿ. ಈಗ ತಾನೆ ಹೇಳಿದ್ರು."

ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಅಂಕಯ್ಯನೂ ನೋಡುತ್ತಿದ್ದ. ನಾನು ಹೌದೆಂದು ತಲೆಯಾಡಿಸಿದೆ. ಅವಳು ಬುತ್ತಿಯ ಬಟ್ಟೆ ಬಿಚ್ಚಿ, ಮುದ್ದೆ ಮುರಿದು, ಮೊದಲ ತುತ್ತನ್ನು ಗಂಡನ ತಟ್ಟೆಗಿಟ್ಟಳು. ಎರಡನೆಯದನ್ನು ನನಗೆ ಕೊಟ್ಟಳು.